ಅತ್ತೆಗೆಂದು ಇಟ್ಟ ಫೈಲು

ಮಾವನ ಗಂಟಲು ಒಂದು ದಿನ ಕೈಕೊಡುತ್ತದೆ ಎಂದು ಮನೆಯಲ್ಲಿ ಯಾರೂ ಎಣಿಸಿರಲಿಲ್ಲ. ಮಂಡಿನೋವು ಬಂತು, ಕಣ್ಣಿಗೆ ಪೊರೆ ಬಂತು, ಅವೆಲ್ಲ ಬರಬೇಕಾದ ವಯಸ್ಸಿಗೇ ಬಂದವು. ಗಂಟಲು ಮಾತ್ರ ಕೊನೆಯವರೆಗೂ ಗಟ್ಟಿ ಎಂದೇ ಎಲ್ಲರ ಲೆಕ್ಕ. ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಅವನ ಕಸುಬು. ಬೆಳಗಿನ ಲಾರಿಗಳು ಬಂದು ನಿಂತರೆ ಒಂದು ಖಾಲಿ ಪೆಟ್ಟಿಗೆಯ ಮೇಲೆ ಹತ್ತಿ ಅವನು ಟೊಮೆಟೊ ದರ ಕೂಗುವುದು ಆಚೆ ಬದಿಯ ಗೇಟಿನವರೆಗೂ ಕೇಳುತ್ತಿತ್ತು. ಅಲ್ಲಿ ಅವನಿಗೆ ಮೈಕಣ್ಣ ಎಂದೇ ಹೆಸರು. ಯಾರೋ ಒಮ್ಮೆ ನಿಜವಾದ ಮೈಕು ತಂದುಕೊಟ್ಟಾಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಮೂಗರಿಗೆ ಎಂದು ವಾಪಸು ಕೊಟ್ಟಿದ್ದನಂತೆ.

ಅವನ ಅಕ್ಕನ ಮಗಳು ಆ ದನಿಯ ಅಡಿಯಲ್ಲೇ ಬೆಳೆದವಳು. ಕಾಲೇಜು ಹತ್ತಿರವೆಂದು ಓದಿನ ವರ್ಷಗಳನ್ನೆಲ್ಲ ಅವನ ಮನೆಯಲ್ಲೇ ಕಳೆದಿದ್ದಳು, ಕಿವಿಗೆ ಹತ್ತಿ ತುರುಕಿಕೊಂಡು ಭೌತಶಾಸ್ತ್ರ ಓದಿದ್ದಳು. ಮಾವ ಸಕ್ಕರೆ ಕೇಳಿದರೂ ದರ ಕೂಗಿದಂತೆಯೇ ಕೇಳುತ್ತಿದ್ದ. ಅತ್ತೆ ಮಾತ್ರ ಅದಕ್ಕೆ ತದ್ವಿರುದ್ಧ. ನಡುಮನೆಯ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಹಾಕಿಕೊಂಡು ಕೂತರೆ ಅವಳ ಕಡೆಯಿಂದ ಯಂತ್ರದ ಸದ್ದೇ ಹೊರತು ಮಾತು ಬರುತ್ತಿರಲಿಲ್ಲ. ಇಬ್ಬರ ಪಾಲಿನ ಮಾತನ್ನೂ ಮಾವನೇ ಆಡಿ ಮುಗಿಸುತ್ತಿದ್ದ. ಪದವಿ ಮುಗಿದ ದಿನದಿಂದ ಅವಳನ್ನು ಸೈಂಟಿಸ್ಟು ಎಂದು ಕರೆಯಲು ಶುರುಮಾಡಿದವನೂ ಅವನೇ. ಕ್ರಮೇಣ ಓಣಿಯ ಅಂಗಡಿಯವರೂ ಹಾಗೇ ಕರೆದರು.

ಸೈಂಟಿಸ್ಟು ಕೆಲಸಕ್ಕೆ ಸೇರಿದ್ದು ಆಸ್ಪತ್ರೆಯ ದನಿಕೋಣೆಯಲ್ಲಿ. ಕಿವಿ-ಮೂಗು-ಗಂಟಲು ವಿಭಾಗದ ಹಿಂದೆ, ಉಗ್ರಾಣದ ಪಕ್ಕ, ಗೋಡೆಗಳಿಗೆಲ್ಲ ಬೂದು ಬಣ್ಣದ ಸ್ಪಂಜು ಹೊಡೆದ ಒಂದು ಪುಟ್ಟ ಕೋಣೆ. ಗಂಟಲಿನ ಕಾಯಿಲೆಯಿಂದ ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಳ್ಳಬೇಕಾದವರು ಆಪರೇಷನ್ನಿಗೆ ಮುಂಚೆ ಅಲ್ಲಿಗೆ ಬಂದು ಪದಗಳ ಪಟ್ಟಿಗಳನ್ನು, ವಾಕ್ಯಗಳನ್ನು ಓದುತ್ತಾರೆ. ಒಂದು ಸಣ್ಣ ರೆಕಾರ್ಡರು ಅದನ್ನೆಲ್ಲ ಹಿಡಿದಿಡುತ್ತದೆ. ಮುಂದೆ ಕೆಲವು ತಿಂಗಳ ಕೆಲಸದ ನಂತರ ಆ ತುಣುಕುಗಳಿಂದ ಅವರದೇ ದನಿಯನ್ನು ಹೋಲುವ ಒಂದು ದನಿಯನ್ನು ಕಟ್ಟಿ ಫೋನಿಗೆ ಹಾಕಿಕೊಡುತ್ತಾರೆ.

ಅವಳು ಸೇರಿದಾಗ ರೆಕಾರ್ಡರಿನ ಕಾರ್ಡಿನಿಂದ ಫೈಲುಗಳನ್ನು ಒಂದೊಂದಾಗಿ ಎತ್ತಿ, ಹೆಸರು ಬದಲಿಸಿ, ಆಯಾ ರೋಗಿಯ ಫೋಲ್ಡರಿಗೆ ಹಾಕುವುದರಲ್ಲೇ ಮಧ್ಯಾಹ್ನಗಳು ಕಳೆದುಹೋಗುತ್ತಿದ್ದವು. ಕಣ್ಣು ಮಂಜಾಗಿ ಒಬ್ಬರ ದನಿ ಇನ್ನೊಬ್ಬರ ಫೋಲ್ಡರಿಗೆ ಹೋದದ್ದೂ ಇತ್ತು. ಅದನ್ನು ನೋಡಲಾಗದೆ ಅವಳು ಒಂದು ಶೆಲ್ ಸ್ಕ್ರಿಪ್ಟ್ ಬರೆದಳು. ದೊಡ್ಡದೇನಲ್ಲ, ಒಂದು ಪುಟವೂ ಇಲ್ಲ. ಕಂಪ್ಯೂಟರಿಗೆ ಒಂದರ ಕೆಳಗೊಂದು ಆಜ್ಞೆ ಬರೆದಿಟ್ಟದ್ದು, ಅಷ್ಟೆ. ರೋಗಿಯ ಸಂಖ್ಯೆ ಕೊಟ್ಟು ಕಾರ್ಡು ಸಿಕ್ಕಿಸಿದರೆ ಸಾಕು. ಅದು ಪ್ರತಿ ಫೈಲಿನ ತಾರೀಖು ನೋಡುತ್ತದೆ, ರೋಗಿಯ ಫೋಲ್ಡರಿನೊಳಗೆ ಆ ತಾರೀಖಿನ ಫೋಲ್ಡರು ಮಾಡುತ್ತದೆ, ಫೈಲನ್ನು ಅಲ್ಲಿಗೆ ಸಾಗಿಸುತ್ತದೆ, ಕಾರ್ಡನ್ನು ಖಾಲಿ ಮಾಡುತ್ತದೆ. ಇವಳು ಊಟ ಮುಗಿಸಿ ಬರುವಷ್ಟರಲ್ಲಿ ಎಲ್ಲವೂ ತಂತಮ್ಮ ಗೂಡು ಸೇರಿರುತ್ತಿದ್ದವು. ವಿಭಾಗದ ಮುಖ್ಯಸ್ಥೆ, ಎಲ್ಲರೂ ಬರೇ ಮೇಡಂ ಎನ್ನುವ ವಾಕ್‌ಚಿಕಿತ್ಸಕಿ, ಮೀಟಿಂಗಿನಲ್ಲಿ ಇದನ್ನು ಹೊಗಳಿದರು.

ಸಾಗಿಸುವ ಆಜ್ಞೆಗೆ ಒಂದು ಗುಣವಿದೆ. ಹೋಗಿ ಸೇರುವ ಜಾಗದಲ್ಲಿ ಅದೇ ಹೆಸರಿನ ಫೈಲು ಮೊದಲೇ ಇದ್ದರೆ ಅದು ಚಕಾರ ಎತ್ತದೆ ಹಳೆಯದನ್ನು ಒರೆಸಿ ಹೊಸದನ್ನು ಕೂರಿಸುತ್ತದೆ. 'ಕೇಳಿ ಮಾಡು' ಎಂದು ಹೇಳಬೇಕಾದರೆ ಇನ್ನೊಂದು ಅಕ್ಷರ ಸೇರಿಸಬೇಕು. ಅವಳು ಮೊದಲು ಸೇರಿಸಿದ್ದಳು. ಪರೀಕ್ಷೆಗೆಂದು ಅವವೇ ಫೈಲುಗಳನ್ನು ಮತ್ತೆ ಮತ್ತೆ ಓಡಿಸುವಾಗ ಸ್ಕ್ರಿಪ್ಟ್ ನಡುವೆ ನಿಂತು ಪ್ರಶ್ನೆ ಕೇಳಿಕೊಂಡು ಕೂತಿರುತ್ತಿತ್ತು. ಉತ್ತರಿಸಬೇಕಾದವಳು ಊಟಕ್ಕೆ ಹೋಗಿರುತ್ತಿದ್ದಳು. ರೆಕಾರ್ಡರು ಫೈಲಿಗೆ ಕೊಡುವ ಹೆಸರು ಬರೀ ಸಂಖ್ಯೆ. ಒಬ್ಬ ರೋಗಿಗೆ ಒಂದೇ ತಾರೀಖಿನಲ್ಲಿ ಒಂದೇ ಸಂಖ್ಯೆಯ ಎರಡು ಫೈಲು ಬರುವುದಾದರೂ ಹೇಗೆ ಎಂದು ಯೋಚಿಸಿ ಆ ಅಕ್ಷರವನ್ನು ತೆಗೆದುಹಾಕಿದಳು.

ಮಾವನ ಗಂಟಲಲ್ಲಿ ಗಂಟು ಕಂಡು, ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಲೇಬೇಕು ಎಂದು ಡಾಕ್ಟರು ಹೇಳಿದಾಗ ಅತ್ತೆ ಸೀರೆಯ ಸೆರಗಿನ ದಾರ ಎಳೆಯುತ್ತಾ ಕೂತಿದ್ದಳು. ಮಾವ ಮಾತ್ರ, ಹಾಗಾದರೆ ಈ ವಾರದ ಈರುಳ್ಳಿ ಯಾರು ಕೂಗುತ್ತಾರೆ ಎಂದು ಕೇಳಿದ.

ಅವನನ್ನು ದನಿಕೋಣೆಗೆ ಕರೆತಂದವಳು ಅವಳೇ. ಮೊದಲ ಸಲ ಅವನು ಪಟ್ಟಿಯ ಪದಗಳನ್ನೆಲ್ಲ ಹರಾಜಿಗಿಟ್ಟ. ಬಾಗಿಲು ಎಂದು ಮೂರು ಸಲ ಕೂಗಿ, ಯಾರಿದ್ದೀರಿ, ಮುಂದೆ ಬನ್ನಿ ಎಂದ. ಸಪ್ಪೆಯಾಗಿ ಓದು ಮಾವ, ಯಂತ್ರಕ್ಕೆ ಸಪ್ಪೆಯೇ ಬೇಕು ಎಂದು ಅವಳು ಗದರಿದಳು. ಅಷ್ಟು ಹೊತ್ತಿಗೆ ಅವನ ದನಿಯ ಅಂಚು ಹರಿದು, ಪ್ರತಿ ಪದದ ಹಿಂದೆ ಒಂದು ಗೊರಗೊರ ಕೇಳುತ್ತಿತ್ತು.

ಎರಡನೆಯ ಸಲ ಬಂದಾಗ ರೆಕಾರ್ಡರಿನ ಬ್ಯಾಟರಿ ಪೂರ್ತಿ ಸತ್ತಿತ್ತು. ಅವಳು ಹೊಸದು ಹಾಕಿದಳು. ಹಾಗೆ ಸತ್ತು ಎದ್ದರೆ ಆ ರೆಕಾರ್ಡರಿಗೆ ದಿನದ ನೆನಪಿರುವುದಿಲ್ಲ. ಯಾವುದೋ ಹಳೆಯ ವರ್ಷದ ಜನವರಿ ಒಂದಕ್ಕೆ ಹೋಗಿ ನಿಲ್ಲುತ್ತದೆ. ತಾರೀಖು ಸರಿಮಾಡಲು ಅವಳು ಗುಂಡಿ ಒತ್ತುತ್ತಿರುವಾಗ ಮಾವ ಅವಳ ಕೈಯಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟ.

"ಇವತ್ತು ಪಟ್ಟಿ ಗಿಟ್ಟಿ ಬೇಡ," ಎಂದ. "ನಿಮ್ಮತ್ತೆಗೆ ಒಂದು ಮಾತು ಹೇಳೋದಿದೆ. ಅವಳ ಎದುರಿಗೆ ಬಾಯಿ ಬರಲ್ಲ. ಇಲ್ಲಿ ಹೇಳಿಡ್ತೀನಿ. ಎಲ್ಲ ಆದ್ಮೇಲೆ ಅವಳಿಗೆ ಕೇಳಿಸು."

"ಊರಿಗೆಲ್ಲ ಕೇಳೋ ಹಾಗೆ ಮಾತಾಡ್ತೀಯ, ಅತ್ತೆ ಎದುರಿಗೆ ಬಾಯಿ ಬರಲ್ವಾ?"

"ಅದು ವ್ಯಾಪಾರ ಕಣೇ. ವ್ಯಾಪಾರದಲ್ಲಿ ನಾಚಿಕೆ ಎಲ್ಲಿಂದ ಬರಬೇಕು." ಆಮೇಲೆ ಬೆರಳು ಎತ್ತಿ ಹೇಳಿದ, "ನೀನು ಕೇಳಬಾರದು. ಸೈಂಟಿಸ್ಟು ಅಂತ ಪರೀಕ್ಷೆ ಮಾಡ್ಕೊಂಡು ಕೂತ್ಕೋಬೇಡ. ಮಾತು ಕೊಡು."

ಅವಳು ಮಾತು ಕೊಟ್ಟು, ಕೆಂಪು ಗುಂಡಿ ಒತ್ತಿ ಹೊರಬಂದು ಬಾಗಿಲು ಎಳೆದುಕೊಂಡಳು. ಉಗ್ರಾಣದ ಮುಂದಿನ ಬೆಂಚಿನಲ್ಲಿ ಕೂತು ಬಹಳ ಹೊತ್ತು ಕಾದಳು. ಹೊರಗೆ ಬಂದ ಮಾವ, ಮುಖ ತೊಳೆದು ಬಂದವನಂತೆ ಕಂಡ. ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದೇನೆ, ಅವಳು ಹೂಂ ಅಂದರೂ ಸರಿ, ಉಹೂಂ ಅಂದರೂ ಸರಿ, ಏನೋ ಒಂದು ಅನ್ನಲಿ ಎಂದ. ಏನು ಪ್ರಶ್ನೆ ಎಂದು ಅವಳು ಕೇಳಲಿಲ್ಲ.

ಸ್ಕ್ರಿಪ್ಟ್ ಆ ಫೈಲನ್ನು ಮಾವನ ಫೋಲ್ಡರಿನೊಳಗೆ ಆ ಹಳೆಯ ಜನವರಿ ಒಂದರ ಹೆಸರಿನಲ್ಲಿ ಇಟ್ಟಿತು. ತಾರೀಖು ತಪ್ಪೆಂದು ಅವಳಿಗೆ ಗೊತ್ತಿತ್ತು. ಸರಿಮಾಡಲು ಅರೆಗಳಿಗೆ ಸಾಕಿತ್ತು. ಆದರೆ ಹಾಗೇ ಇರಲಿ ಎನಿಸಿತು. ಉಳಿದ ಫೈಲುಗಳನ್ನೆಲ್ಲ ಬೇರೆಯವರೂ ತೆಗೆದು ಕೇಳುತ್ತಾರೆ. ಇಂಥ ವಿಚಿತ್ರ ತಾರೀಖಿನ ಫೋಲ್ಡರಿಗೆ ಯಾರೂ ಕೈ ಹಾಕುವುದಿಲ್ಲ, ತನಗೆ ಹುಡುಕುವುದೂ ಸುಲಭ. ಪ್ರತಿದಿನ ಸ್ಕ್ರಿಪ್ಟ್ ಮುಗಿದ ಮೇಲೆ ಒಂದೊಂದು ಫೈಲಿನ ಮೊದಲ ಕೆಲವು ಕ್ಷಣ ಕೇಳಿ ನೋಡುವುದು ಅವಳ ರೂಢಿ. ಇದೊಂದನ್ನು ಮುಟ್ಟಲಿಲ್ಲ.

ಮೂರನೆಯ ಸಲ ಬಂದದ್ದು ಆಸ್ಪತ್ರೆಗೆ ಸೇರುವ ಹಿಂದಿನ ದಿನ. ಪಟ್ಟಿಯ ಓದು ಬಾಕಿ ಇತ್ತು. ಅವತ್ತೂ ಬ್ಯಾಟರಿ ಸತ್ತಿತ್ತು, ಮಾವ ಬಿಡದೆ ಕೆಮ್ಮುತ್ತಿದ್ದ, ಹೊರಗೆ ಅತ್ತೆ ಬಟ್ಟೆಯ ಚೀಲ ಹಿಡಿದು ನಿಂತಿದ್ದಳು. ಬ್ಯಾಟರಿ ಬದಲಿಸಿ ನೇರ ಓದಿಸಿದಳು. ಸ್ಕ್ರಿಪ್ಟ್ ಓಡಲು ಬಿಟ್ಟು ಅವರ ಜೊತೆ ವಾರ್ಡಿಗೆ ಹೋದವಳು, ಮರುದಿನದಿಂದ ರಜೆ ಹಾಕಿದಳು. ಆ ದಿನದ ಫೈಲುಗಳನ್ನು ಯಾರೂ ಕೇಳಿ ನೋಡಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು ಎಂದರು. ಕುತ್ತಿಗೆಯ ಬುಡದಲ್ಲಿ ಉಸಿರಿಗೆಂದು ಮಾಡಿದ ತೂತು, ಅದರಲ್ಲೊಂದು ಕೊಳವೆ, ಮೂಗಿನಿಂದ ಇಳಿದ ಇನ್ನೊಂದು ಕೊಳವೆ. ಮಾವ ಬಾಯಿ ತೆರೆದರೆ ತುಟಿಗಳು ಆಡುತ್ತಿದ್ದವು, ಗಾಳಿ ಮಾತ್ರ ಬೇರೆ ದಾರಿಯಿಂದ ಹೋಗುತ್ತಿತ್ತು. ಬರೆಯಲೆಂದು ಅವಳು ಒಂದು ಬಿಳಿ ಹಲಗೆ ತಂದುಕೊಟ್ಟಳು. ಬರವಣಿಗೆಯಲ್ಲಿ ಅವನಿಗೆ ಪಳಗಿದ್ದು ದರ ಮತ್ತು ತೂಕ ಮಾತ್ರ. 'ನೀರು', 'ದಿಂಬು' ಎನ್ನುವುದನ್ನೂ ಹಲ್ಲು ಕಚ್ಚಿ ಬರೆಯುತ್ತಿದ್ದ.

ಎದ್ದು ಕೂರುವಷ್ಟಾದ ದಿನ ಅವನು ಅವಳನ್ನು ಕರೆದು ಹಲಗೆಯ ಮೇಲೆ ಒಂದೇ ಪದ ಬರೆದ. 'ಕೇಳಿಸು.'

ಅವಳು ದನಿಕೋಣೆಗೆ ಹೋಗಿ ಆ ಫೈಲನ್ನು ತನ್ನ ಫೋನಿಗೆ ಹಾಕಿಕೊಂಡಳು. ಕೊಟ್ಟ ಮಾತು ನೆನಪಿತ್ತು, ಆಗಲೂ ಕೇಳಲಿಲ್ಲ. ವಾರ್ಡಿಗೆ ಬಂದು ಅತ್ತೆಯನ್ನು ಮಂಚದ ಪಕ್ಕದ ಸ್ಟೂಲಿನಲ್ಲಿ ಕೂರಿಸಿ, ಮಾವ ನಿನಗೋಸ್ಕರ ಹೇಳಿದ್ದು ಎಂದು ಕಿವಿಗೆ ಹೆಡ್‌ಫೋನ್ ಹಾಕಿ, ಗುಂಡಿ ಒತ್ತಿ ಕಿಟಕಿಯ ಬಳಿ ಸರಿದು ನಿಂತಳು.

ಅತ್ತೆಗೆ ಮೊದಲು ಏನೂ ತಿಳಿಯದಂತಿತ್ತು. ಹುಬ್ಬು ಗಂಟಿಕ್ಕಿ ನೆಲ ನೋಡಿದಳು. ಆಮೇಲೆ ಅವಳ ತುಟಿ ಸಣ್ಣಗೆ ಅಲುಗಿತು, ಕೇಳಿದ್ದನ್ನೇ ತಾನೂ ಅಂದುಕೊಳ್ಳುವಂತೆ. ನೋಡುನೋಡುತ್ತಿದ್ದಂತೆ ಕಣ್ಣು ತುಂಬಿ ಕೆನ್ನೆಯ ಮೇಲೆ ಇಳಿಯಿತು. ಒರೆಸಿಕೊಳ್ಳಲೂ ಇಲ್ಲ. ಮಾವ ದಿಂಬಿಗೆ ಒರಗಿ ಆ ಮುಖವನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಕೊಳವೆಯಲ್ಲಿ ಅವನ ಉಸಿರು ಸಿಳ್ಳೆಯಂತೆ ಏರಿಳಿಯುತ್ತಿತ್ತು. ಮುಗಿದ ಮೇಲೆ ಅತ್ತೆ ಹೆಡ್‌ಫೋನ್ ತೆಗೆದು, ಅವನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು, ಎದ್ದು ಹೊರಗೆ ಹೋದಳು. ಮಾವ ಕಣ್ಣು ಮುಚ್ಚಿದ. ಮುಖ ಎಷ್ಟು ಹಗುರವಾಗಿತ್ತೆಂದರೆ, ಬಹಳ ದಿನಗಳಿಂದ ಹೊತ್ತ ಮೂಟೆಯನ್ನು ಇಳಿಸಿದವನಂತಿದ್ದ.

ಅವಳು ಅತ್ತೆಯ ಹಿಂದೆಯೇ ಹೋದಳು. ಪಡಸಾಲೆಯ ಕೊನೆಯ ನಲ್ಲಿಯಲ್ಲಿ ಅತ್ತೆ ಮುಖ ತೊಳೆಯುತ್ತಿದ್ದಳು.

"ಇದೇನೇ ಇದು," ಎಂದಳು ಅತ್ತೆ ಸೆರಗಿನಿಂದ ಒರೆಸಿಕೊಳ್ಳುತ್ತಾ. "ಚಾಪೆ ಅಂದ್ರು, ಛತ್ರಿ ಅಂದ್ರು, ಜಗಲಿ ಅಂದ್ರು. ಒಂದಕ್ಕೊಂದು ಸಂಬಂಧ ಇಲ್ಲ. ಏನಂತ ಗೊತ್ತಾಗ್ಲಿಲ್ಲ. ಆದ್ರೆ ಅವ್ರ ದನಿ ತಾನೆ, ತಡ್ಕೊಳ್ಳೋಕಾಗ್ಲಿಲ್ಲ. ಎಷ್ಟು ಚೆನ್ನಾಗಿ ಓದಿದ್ದಾರೆ ನೋಡು, ಶಾಲೆ ಹುಡುಗನ ಹಾಗೆ."

ಅವಳು ಯಾವುದೋ ನೆಪ ಹೇಳಿ ಮೆಟ್ಟಿಲಿಳಿದು ದನಿಕೋಣೆಗೆ ಓಡಿದಳು.

ಫೋಲ್ಡರು ತೆರೆದು ನೋಡಿದ ಕ್ಷಣವೇ ಎಲ್ಲ ಅರ್ಥವಾಯಿತು. ಅರ್ಥವಾಗಲು ಅಲ್ಲಿ ಕಷ್ಟದ್ದೇನೂ ಇರಲಿಲ್ಲ. ಕಾರ್ಡು ಖಾಲಿಯಾದಾಗಲೆಲ್ಲ ರೆಕಾರ್ಡರು ಮತ್ತೆ ಒಂದರಿಂದ ಎಣಿಸುತ್ತದೆ. ಬ್ಯಾಟರಿ ಸತ್ತಾಗಲೆಲ್ಲ ಮತ್ತೆ ಆ ಜನವರಿ ಒಂದಕ್ಕೆ ಹೋಗುತ್ತದೆ. ಮಾವ ಅತ್ತೆಗೆಂದು ಆಡಿದ ಮಾತು ಆ ತಾರೀಖಿನ ಮೊದಲ ಫೈಲು. ಮೂರನೆಯ ಸಲ ಓದಿದ ಪಟ್ಟಿಯೂ ಆ ತಾರೀಖಿನ ಮೊದಲ ಫೈಲೇ. ಸ್ಕ್ರಿಪ್ಟ್ ಎರಡನೆಯದನ್ನು ಮೊದಲನೆಯದರ ಮೇಲೆ ಅಚ್ಚುಕಟ್ಟಾಗಿ ಕೂರಿಸಿತ್ತು. ಬ್ಯಾಕಪ್ಪಿನಲ್ಲಿ ಹುಡುಕಿದಳು, ಬ್ಯಾಕಪ್ಪು ಕನ್ನಡಿಯ ಹಾಗೆ, ಇಲ್ಲಿರುವುದನ್ನೇ ಅಲ್ಲೂ ತೋರಿಸುತ್ತದೆ. ಅಲ್ಲೂ ಚಾಪೆ, ಛತ್ರಿ, ಜಗಲಿ.

ಅಳಿಸಿದ ಫೈಲು ಕೂಡಲೇ ನಾಶವಾಗುವುದಿಲ್ಲ, ಹೆಸರು ಹೋಗುತ್ತದೆ, ಒಡಲು ಹಾಗೇ ಬಿದ್ದಿರುತ್ತದೆ, ಬೇರೆಯದು ಬಂದು ಅದರ ಮೇಲೆ ಕೂರುವವರೆಗೆ. ಈ ಒಂದು ಆಸೆಯನ್ನು ಹಿಡಿದು ಅವಳು ರೆಕಾರ್ಡರಿನ ಕಾರ್ಡನ್ನು ತೆಗೆದು, ಅಳಿಸಿದ್ದನ್ನು ಹೆಕ್ಕಿಕೊಡುವ ಪ್ರೋಗ್ರಾಮು ಓಡಿಸಿದಳು. ಅಷ್ಟರಲ್ಲಿ ಬೇರೆ ರೋಗಿಗಳು ಅದೇ ಕಾರ್ಡಿನ ಮೇಲೆ ಓದಿ ಹೋಗಿದ್ದರು. ಯಾರೋ ಒಬ್ಬ ಹೆಂಗಸಿನ ಕೆಮ್ಮು ಬಂತು. ಒಬ್ಬ ಮುದುಕನ ಅರ್ಧ ವಾಕ್ಯ ಬಂತು. ಒಂದೊಂದು ಚೂರನ್ನೂ ಕೇಳಿದಳು, ಮಾವನಿಗೆ ಕೊಟ್ಟ ಮಾತನ್ನು ಮುರಿದೇ ಕೇಳಿದಳು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಮಾವನದೊಂದು ಚೂರು ಸಿಕ್ಕಿತು. "ಒತ್ತಿದ್ಯಾ? ಆಯ್ತು, ನೀನಿನ್ನು ನಡಿ" ಎನ್ನುವ ದನಿ, ಅವಳದೇ ಚಪ್ಪಲಿಯ ಸದ್ದು, ಬಾಗಿಲು ಮುಚ್ಚಿಕೊಂಡದ್ದು. ಅದರಾಚೆ ಇನ್ಯಾರೋ ಅಂಕಿ ಎಣಿಸುತ್ತಿದ್ದರು. ಉಳಿದಿದ್ದದ್ದು ಅವಳು ಆ ಕೋಣೆಯಲ್ಲಿ ಇದ್ದಷ್ಟು ಹೊತ್ತಿನದು ಮಾತ್ರ.

ಮೇಡಂ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದಳು. ಮೇಡಂ ಮೊದಲು ಕೇಳಿದ್ದು ಬೇರೆ ರೋಗಿಗಳ ವಿಚಾರ. ಇಬ್ಬರೂ ಕೂತು ಎಲ್ಲ ಫೋಲ್ಡರುಗಳನ್ನೂ ತಡಕಿದರು. ಬೇರೆ ಯಾರಿಗೂ ಹೀಗಾಗಿರಲಿಲ್ಲ. ಸತ್ತ ಬ್ಯಾಟರಿಯ ದಿನ ಎರಡು ಸಲ ಸಿಕ್ಕಿಬಿದ್ದವನು ಮಾವನೊಬ್ಬನೇ. ತೆಗೆದುಹಾಕಿದ್ದ ಆ ಅಕ್ಷರವನ್ನು ಅವಳು ಅಲ್ಲೇ ವಾಪಸು ಸೇರಿಸಿದಳು. ಮೇಡಂ ಕುರ್ಚಿಗೆ ಒರಗಿ ಕನ್ನಡಕ ತೆಗೆದರು.

"ಅವರು ಹೇಳಿ ಆಯ್ತು ಅಂದ್ಕೊಂಡಿದ್ದಾರೆ, ನಿಮ್ಮತ್ತೆ ಕೇಳಿ ಆಯ್ತು ಅಂದ್ಕೊಂಡಿದ್ದಾರೆ. ಇಬ್ಬರಿಗೂ ಸಮಾಧಾನ ಇದೆ. ಈಗ ಹೋಗಿ ಹೇಳಿದ್ರೆ ಯಾರಿಗೆ ಒಳ್ಳೇದಾಗುತ್ತೆ? ನಿನ್ನ ಎದೆ ಹಗುರ ಆಗುತ್ತೆ, ಅಷ್ಟೇ. ಹೊಲಿಗೆ ಇನ್ನೂ ಒಣಗಿಲ್ಲ. ಯೋಚನೆ ಮಾಡು."

ಅವಳು ಯೋಚನೆ ಮಾಡಿದಳು. ಮೇಡಂ ಮಾತಿನಲ್ಲಿ ತಪ್ಪು ಹುಡುಕಲು ಹೋದರೆ ಸಿಗುತ್ತಿರಲಿಲ್ಲ. ಮಾವನ ಮುಖದ ಹಗುರವನ್ನು ಅವಳೇ ಕಣ್ಣಾರೆ ಕಂಡಿದ್ದಳು. ಬಾಯಿಗೆ ಬೀಗ ಹಾಕಿಕೊಂಡು ದಿನವೂ ವಾರ್ಡಿಗೆ ಹೋಗಿಬರತೊಡಗಿದಳು.

ಆ ಹಗುರ ಉಳಿಯಲಿಲ್ಲ. ಪ್ರಶ್ನೆ ಕೇಳಿದವನು ಉತ್ತರಕ್ಕೆ ಕಾಯುತ್ತಿದ್ದ. ಅತ್ತೆ ಬಂದು ಫ್ಲಾಸ್ಕು ಇಡುವಾಗ, ಹೊದಿಕೆ ಸರಿಮಾಡುವಾಗ, ಕೊಳವೆಯಿಂದ ಗಂಜಿ ಬಿಡುವಾಗ ಅವನ ಕಣ್ಣು ಅವಳ ಬಾಯಿಯ ಮೇಲೇ ಇರುತ್ತಿತ್ತು. ಅತ್ತೆ ಕಿಟಕಿಯ ಆಚೆಗಿನ ಮೋಡದ ಬಗ್ಗೆಯೋ, ಪಕ್ಕದ ಮಂಚದವರ ಮಗಳ ಬಗ್ಗೆಯೋ ಒಂದೆರಡು ಮಾತಾಡುವಳು. ಮಾವ ಕಾಯುವನು. ಒಂದು ದಿನ ಹಲಗೆಯ ಮೇಲೆ 'ಏನಂತೀ?' ಎಂದು ಬರೆದು ತೋರಿಸಿದ. ಅತ್ತೆಗೆ ದಿಕ್ಕು ತೋಚದೆ, ಏನಕ್ಕೆ, ಇನ್ನೊಂದು ದಿಂಬು ಬೇಕಾ ಎಂದಳು. ಅವನು ಹಲಗೆಯನ್ನು ಮಗುಚಿ ಹಾಕಿ ಗೋಡೆಗೆ ತಿರುಗಿ ಮಲಗಿದ.

ಆಮೇಲೆ ಅವನು, ಡಾಕ್ಟರು ದಿನವೂ ಮಾಡಲು ಹೇಳಿದ್ದ ನುಂಗುವ ಅಭ್ಯಾಸವನ್ನು ಬಿಟ್ಟ. ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಯಂತ್ರವನ್ನು ಮೇಡಂ ಮುಂದೆ ಕಲಿಸಲೆಂದು ತಂದು ತೋರಿಸಿದರೆ ಕೈಯಿಂದ ಸರಿಸಿದ. ನೋಡಲು ಬಂದ ಮಾರುಕಟ್ಟೆಯ ಗೆಳೆಯರು, ಮೈಕಣ್ಣ, ನೀನಿಲ್ಲದೆ ಬೆಂಡೆಕಾಯಿಗೆ ಮರ್ಯಾದೆಯೇ ಇಲ್ಲ ಎಂದರೂ ತುಟಿ ಅಲುಗಿಸಲಿಲ್ಲ. ಮೈ ಸರಿಹೋಗುತ್ತಿದೆ, ಮನಸ್ಸು ಎಲ್ಲೋ ಕೂತುಬಿಟ್ಟಿದೆ ಎಂದರು ಡಾಕ್ಟರು.

"ಅವ್ರು ನನ್ನ ನೋಡೋ ರೀತಿನೇ ಸರಿಯಿಲ್ಲ ಕಣೇ," ಎಂದಳು ಅತ್ತೆ ಒಮ್ಮೆ, ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಾಗ. "ನಾನೇನೋ ಕೊಡಬೇಕಾದ್ದು ಕೊಟ್ಟಿಲ್ಲ ಅನ್ನೋ ಹಾಗೆ. ಏನು ಅಂತ ನಂಗೆ ಹೊಳೀತಾ ಇಲ್ಲ. ಇಷ್ಟು ವರ್ಷ ಅವ್ರು ಎಲ್ಲಾನೂ ಕೂಗಿ ಹೇಳ್ತಿದ್ರು, ನಾನು ಊಹೆ ಮಾಡೋದೇ ಕಲೀಲಿಲ್ಲ."

ಅವಳು ಅತ್ತೆಯನ್ನು ಅಲ್ಲೇ ಸಾಲಿನಲ್ಲಿ ಬಿಟ್ಟು, ನೇರ ವಾರ್ಡಿಗೆ ಹೋದಳು.

ಮಾವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಅವಳು ಸ್ಟೂಲು ಎಳೆದು ಎದುರಿಗೆ ಕೂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳು ಯಾವುವೂ ನೆನಪಿಗೆ ಬರಲಿಲ್ಲ. ಬ್ಯಾಟರಿಯಿಂದ ಶುರುಮಾಡಿ ತೊದಲುತ್ತಾ ಹೇಳಿದಳು. ತಾರೀಖು, ಸಂಖ್ಯೆ, ಸ್ಕ್ರಿಪ್ಟ್ ಎಂದೆಲ್ಲ ಹೇಳುತ್ತಿರುವಾಗ, ಅವನ ಮುಖದಲ್ಲಿ ಏನೂ ತಿಳಿಯುತ್ತಿಲ್ಲವೆಂದು ಕಂಡು ನಿಲ್ಲಿಸಿದಳು.

"ನೀನು ಹೇಳಿದ್ದು ಹೋಯ್ತು, ಮಾವ. ನಾನೇ ಕಳೆದೆ. ಅತ್ತೆ ಅವತ್ತು ಕೇಳಿದ್ದು ಅದಲ್ಲ, ನೀನು ಓದಿದ ಪಟ್ಟಿ. ನೀನು ಕೇಳಿದ ಪ್ರಶ್ನೆ ಅವಳಿಗೆ ತಲುಪಲೇ ಇಲ್ಲ."

ಕೊಳವೆಯ ಸಿಳ್ಳೆ ಒಮ್ಮೆ ನಿಂತು ಮತ್ತೆ ಶುರುವಾಯಿತು. ಅವನಿಗೆ ಸಿಟ್ಟು ಬಂದರೆ ಹೇಗಿರುತ್ತದೆಂದು ಅವಳಿಗೆ ಗೊತ್ತು. ತೂಕದಲ್ಲಿ ಮೋಸ ಮಾಡಿದ ವ್ಯಾಪಾರಿಯನ್ನು ಪೆಟ್ಟಿಗೆಯ ಸಮೇತ ಹೊರಗೆ ಹಾಕಿಸಿದವನು. ಅಂಥದ್ದೇನಾದರೂ ಬರಲಿ ಎಂದು ಕಾದಳು. ಬರಲಿಲ್ಲ. ಅವನು ಹಲಗೆ ಎತ್ತಿಕೊಂಡು ನಿಧಾನವಾಗಿ, ಒಂದೊಂದೇ ಅಕ್ಷರ ಬರೆದು ತಿರುಗಿಸಿದ.

'ಮತ್ತೆ ಅವಳು ಯಾಕೆ ಅತ್ತಳು?'

"ನಿನ್ನ ದನಿ ಕೇಳಿ," ಎಂದಳು ಅವಳು. "ನೀನು ಚಾಪೆ ಅಂದದ್ದಕ್ಕೆ. ಛತ್ರಿ ಅಂದದ್ದಕ್ಕೆ. ಶಾಲೆ ಹುಡುಗನ ಹಾಗೆ ಓದಿದ್ದಾರೆ ಅಂದಳು."

ಮಾವ ಹಲಗೆಯನ್ನು ತನ್ನ ಕಡೆ ತಿರುಗಿಸಿಕೊಂಡು, ತಾನೇ ಬರೆದದ್ದನ್ನು ಇನ್ನೊಮ್ಮೆ ಓದಿದ. ಹೆಬ್ಬೆರಳಿನಿಂದ ಒರೆಸಿದ. ಅವಳು, ಬರೆದುಕೊಡು, ಅಕ್ಷರ ಹೇಗಿದ್ದರೂ ಪರವಾಗಿಲ್ಲ, ಅತ್ತೆಗೆ ಕೊಡುತ್ತೇನೆ ಎಂದು ಬೇಡಿಕೊಂಡಳು. ಅವನು ತಲೆಯಾಡಿಸಿ 'ಬರೆಯೋ ಮಾತಲ್ಲ' ಎಂದು ಬರೆದ. ಫೋನಿಗೆ ನಿನ್ನ ದನಿ ಕಟ್ಟಿಕೊಡುತ್ತಾರಲ್ಲ, ಕೆಲವು ತಿಂಗಳು ಕಾದರೆ ಅದರಲ್ಲಿ ಹೇಳಬಹುದು ಎಂದಳು. ಆ ದನಿ ಯಾರದ್ದೆಂದು ಕೇಳುವಂಥ ನೋಟವೊಂದನ್ನು ಅವನು ಬೀರಿದ.

ಅಷ್ಟರಲ್ಲಿ ಅತ್ತೆ ಔಷಧಿಯ ಪೊಟ್ಟಣ ಹಿಡಿದು ಒಳಬಂದಳು. ಇಬ್ಬರ ಮುಖ ನೋಡಿ ಬಾಗಿಲಲ್ಲೇ ನಿಂತಳು. ಸೈಂಟಿಸ್ಟು ಎದ್ದು, ಎರಡನೆಯ ಸಲ ಅದನ್ನೇ ಹೇಳಿದಳು. ಈ ಸಲ ಬ್ಯಾಟರಿ, ತಾರೀಖು ಒಂದೂ ಇಲ್ಲ. ಮಾವ ನಿನಗೆ ಏನೋ ಹೇಳಿ ಇಟ್ಟಿದ್ದ, ಕೊನೆಯಲ್ಲಿ ಏನೋ ಕೇಳಿದ್ದ, ಅದನ್ನು ನಾನು ಕಳೆದೆ, ಅವನು ನಿನ್ನ ಉತ್ತರಕ್ಕೆ ಕಾಯುತ್ತಿದ್ದ ಎಂದಳು. ಅತ್ತೆ ಅವಳನ್ನು ಬೈಯಲಿಲ್ಲ, ಬಿಡು ಎಂದೂ ಅನ್ನಲಿಲ್ಲ. ಪೊಟ್ಟಣವನ್ನು ಕಪಾಟಿನ ಮೇಲಿಟ್ಟು ಗಂಡನ ಕಡೆ ತಿರುಗಿದಳು.

"ನನ್ನ ಏನು ಕೇಳಿದ್ರಿ?"

ಮಾವ ಹಲಗೆಯತ್ತ ನೋಡಿದ, ಅದನ್ನು ಮುಟ್ಟಲಿಲ್ಲ. ಬಾಯಿ ತೆರೆದ. ತುಟಿಗಳು ಆಡಿದವು.

ಅತ್ತೆ ಸ್ಟೂಲನ್ನು ಮಂಚಕ್ಕೆ ತಗುಲುವಂತೆ ಎಳೆದುಕೊಂಡು, ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡಳು. ನಿಧಾನ, ಇನ್ನೊಂದು ಸಲ ಎಂದಳು. ಅವನು ಮೊದಲಿನಿಂದ ಶುರುಮಾಡಿದ. ಅವಳು ಅವನ ತುಟಿ ನೋಡುತ್ತಾ ತೋಚಿದ್ದನ್ನು ಒಂದೊಂದಾಗಿ ಹೇಳತೊಡಗಿದಳು. ಮನೆ? ಅಲ್ಲ. ಮೊನ್ನೆ? ಅಲ್ಲ. ಮೊದಲು? ಮಾವ ಹೌದೆಂದು ತಲೆಯಾಡಿಸಿದ. ಮೊದಲು ಅಂದ್ರೆ, ಮೊದಲ ಸಲ? ಮಾವ ಮತ್ತೆ ತಲೆಯಾಡಿಸಿದ. ಮಾತೇ ಆಡದ ಅತ್ತೆ ಬಿಡದೆ ಮಾತಾಡುತ್ತಿದ್ದಳು, ಎಡವುತ್ತಿದ್ದಳು, ಒಂದು ಪದಕ್ಕೆ ಹತ್ತು ಪದ ಎಸೆಯುತ್ತಿದ್ದಳು.

ಸೈಂಟಿಸ್ಟು ಕೈತೊಳೆಯುವ ಬೋಗುಣಿಯ ಕಡೆ ತಿರುಗಿ ನಿಂತಳು. ಹೊರಗೆ ಹೋಗಬೇಕೆಂದುಕೊಂಡಳು, ಹೋಗಲಿಲ್ಲ. ಎದುರಿನ ಕನ್ನಡಿಯಲ್ಲಿ ಮಾವನ ಮುಖ ಕಾಣುತ್ತಿತ್ತು. ಅವಳು ನಲ್ಲಿಯನ್ನೇ ನೋಡಿಕೊಂಡು ನಿಂತಳು. ತಾನು ಕಳೆದದ್ದು ಸುಮ್ಮನೆ ಒಂದು ಗುಂಡಿ ಒತ್ತಿದರೆ ಪೂರ್ತಿ ಕೇಳುವಂಥದ್ದಾಗಿತ್ತು, ಅತ್ತೆ ಬೇಕಾದಷ್ಟು ಸಲ ಕೇಳಬಹುದಿತ್ತು ಎನ್ನುವುದು ಒಂದೊಂದು ಪದಕ್ಕೂ ಅವಳಿಗೆ ಚುಚ್ಚುತ್ತಿತ್ತು.

ಹೇಗೋ ಒಂದು ವಾಕ್ಯ ದಾಟಿತು. ಎರಡನೆಯದು ಅರ್ಧಕ್ಕೆ ಬಂದಾಗ ಮಾವನಿಗೆ ಕೆಮ್ಮು ಬಂತು. ಕೊಳವೆಯಲ್ಲಿ ಕಫ ಸಿಕ್ಕಿಕೊಂಡು ಅವನ ಕಣ್ಣು ಕೆಂಪಾದವು. ನರ್ಸಮ್ಮ ಬಂದು ಹೀರುವ ಯಂತ್ರ ಹಚ್ಚಿ, ಇವತ್ತಿಗೆ ಸಾಕು, ಆಯಾಸ ಮಾಡಿಸಬೇಡಿ ಎಂದಳು. ಮಾವ ಬೇಡವೆಂದು ಕೈಯಾಡಿಸಿದ, ಮತ್ತೆ ಬಾಯಿ ತೆರೆದ. ಗಾಳಿ ಸಾಲಲಿಲ್ಲ. ಅವನು ದಿಂಬಿಗೆ ಬಿದ್ದು ಮೇಲಿನ ಫ್ಯಾನು ನೋಡಿದ. ಪ್ರಶ್ನೆ ಇದ್ದದ್ದು ಕೊನೆಯಲ್ಲಿ.

ಅತ್ತೆ ಸೆರಗಿನ ತುದಿಯಿಂದ ಅವನ ಬಾಯಿಯ ಅಂಚನ್ನು ಒರೆಸಿದಳು. "ಇಲ್ಲಿವರೆಗೆ ಬಂತು," ಎಂದಳು. "ನಾಳೆ ಇಲ್ಲಿಂದ ಶುರು ಮಾಡಿ."